ಕವಿಯ ಹೆಸರು ಮುಚ್ಚಿಟ್ಟ ಮೇಷ್ಟ್ರು

ಹೈಸ್ಕೂಲಿನ ಇಂಗ್ಲಿಷ್ ಪೀರಿಯಡ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಸಮ್ಮರಿ ಮತ್ತು ಗೈಡ್. ಪದ್ಯದ ಅರ್ಥ ಗೈಡ್‌ನಲ್ಲಿ ರೆಡಿ ಇರುತ್ತಿತ್ತು. ಅದನ್ನು ಉತ್ತರ ಪತ್ರಿಕೆಗೆ ಸಾಗಿಸುವುದಷ್ಟೇ ನಮ್ಮ ಕೆಲಸ. ಓದಿದ್ದನ್ನು ಪ್ರಶ್ನೆ ಮಾಡುವುದನ್ನೂ ಶಾಲೆಯಲ್ಲೇ ಕಲಿಸಬೇಕು ಅನ್ನೋ ವಿಚಾರ ಮಾತ್ರ ಹೊಸದೇನಲ್ಲ. ಅದಕ್ಕೆ ಹತ್ತಿರ ಹತ್ತಿರ ನೂರು ವರ್ಷದ ಕಥೆಯಿದೆ.

1920ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿದ್ದ ಐ.ಎ. ರಿಚರ್ಡ್ಸ್ ತಮ್ಮ ವಿದ್ಯಾರ್ಥಿಗಳಿಗೆ ಪದ್ಯಗಳನ್ನು ಹಂಚಿ, ಅನಿಸಿದ್ದನ್ನು ಬರೆದುಕೊಡಿ ಅಂದರು. ಕವಿಯ ಹೆಸರನ್ನು ಮಾತ್ರ ಮುಚ್ಚಿಟ್ಟಿದ್ದರು. ಹೀಗೆ ಹದಿಮೂರು ಪದ್ಯಗಳಿಗೆ ಬಂದ ಉತ್ತರಗಳನ್ನು ಇಟ್ಟುಕೊಂಡು 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪ್ರಕಟಿಸಿದರು. ಜಾನ್ ಡನ್, ಹಾಪ್‌ಕಿನ್ಸ್, ಡಿ.ಎಚ್. ಲಾರೆನ್ಸ್‌ರಂಥವರ ಪದ್ಯಗಳನ್ನೇ ಎಷ್ಟೋ ಜನ ಕಸ ಅಂತ ತಳ್ಳಿಹಾಕಿದ್ದರು! ಇವರು ಅಷ್ಟಿಷ್ಟು ಓದಿದವರಲ್ಲ, ಹೆಚ್ಚಿನವರು ಇಂಗ್ಲಿಷ್ ಸಾಹಿತ್ಯವನ್ನೇ ಓದುತ್ತಿದ್ದವರು. ಎಡವಿದ್ದು ಎಲ್ಲಿ ಅಂತ ರಿಚರ್ಡ್ಸ್ ಹತ್ತು ಕಾರಣ ಪಟ್ಟಿ ಮಾಡಿದರು. ಕೆಲವರಿಗೆ ಸಾಲಿನ ನೇರ ಅರ್ಥವೇ ಆಗಿರಲಿಲ್ಲ. ಕೆಲವರು ಪದ್ಯ ಬಿಟ್ಟು ತಮ್ಮದೇ ನೆನಪುಗಳಲ್ಲಿ ಮುಳುಗಿದ್ದರು. ಇನ್ನು ಕೆಲವರು ಮೊದಲೇ ಸಿದ್ಧವಾಗಿದ್ದ ಭಾವನೆಯನ್ನು ಪದ್ಯದ ಮೇಲೆ ಅಂಟಿಸಿದ್ದರು.

ಈ ವಿಚಾರ ಬೇಗ ಶಾಲೆಯ ಬಾಗಿಲಿಗೆ ಬಂತು. 1933ರಲ್ಲಿ ಎಫ್.ಆರ್. ಲೀವಿಸ್ ಮತ್ತು ಶಾಲಾ ಮೇಷ್ಟ್ರು ಡೆನಿಸ್ ಥಾಂಪ್ಸನ್ ಸೇರಿ ‘ಕಲ್ಚರ್ ಅಂಡ್ ಎನ್ವಿರಾನ್‌ಮೆಂಟ್’ ಬರೆದರು. ಶಾಲೆಗಳಲ್ಲಿ ಬಳಸಲಿ ಅಂತಲೇ ಬರೆದ ಈ ಪುಸ್ತಕದಲ್ಲಿ ಮಕ್ಕಳು ಬಿಡಿಸಿ ನೋಡಬೇಕಾಗಿದ್ದು ಪತ್ರಿಕೆಯ ಜಾಹೀರಾತುಗಳನ್ನು! ಈ ಸಾಲು ಯಾರನ್ನು ಉದ್ದೇಶಿಸಿ ಬರೆದದ್ದು, ಯಾವ ಆಸೆಯನ್ನೋ ಭಯವನ್ನೋ ಕೆಣಕುತ್ತಿದೆ ಅನ್ನೋ ಥರದ ಓದು. ಪದ್ಯವನ್ನು ಎಚ್ಚರದಿಂದ ಓದುವ ಕಣ್ಣು ಪೇಟೆಯಲ್ಲೂ ಕೆಲಸಕ್ಕೆ ಬರಬೇಕು ಅನ್ನೋದು ಅವರ ಲೆಕ್ಕಾಚಾರ.

ತೊಂದರೆಯೂ ಇತ್ತು. ಒಳ್ಳೆಯದು ಯಾವುದು, ಕಳಪೆ ಯಾವುದು ಅನ್ನೋ ತೀರ್ಪು ಮೇಷ್ಟ್ರ ಜೇಬಿನಲ್ಲೇ ಇತ್ತು. ಹಳೆಯ ಹಳ್ಳಿಯ ಬದುಕನ್ನು ಅತಿಯಾಗಿ ಹೊಗಳುವ ಚಪಲವೂ ಆ ಪುಸ್ತಕಕ್ಕಿತ್ತು.

ಇದಕ್ಕೆ ಇನ್ನೊಂದು ತುದಿಯಿಂದ ಉತ್ತರ ಬಂದದ್ದು ಅಮೆರಿಕದಲ್ಲಿ. 1938ರಲ್ಲಿ ಲೂಯಿಸ್ ರೋಸೆನ್‌ಬ್ಲಾಟ್ ‘ಲಿಟರೇಚರ್ ಆ್ಯಸ್ ಎಕ್ಸ್‌ಪ್ಲೊರೇಷನ್’ ಬರೆದು, ಅರ್ಥ ಹುಟ್ಟುವುದು ಪುಸ್ತಕವೂ ಓದುಗನೂ ಎದುರಾದಾಗ ಅಂತ ವಾದಿಸಿದರು. ಹಾಗಂತ ಏನು ಹೇಳಿದರೂ ಸರಿ ಅಂತಲ್ಲ. ಹುಡುಗಿಯೊಬ್ಬಳಿಗೆ ಒಂದು ಪಾತ್ರ ಕಂಡರೆ ಸಿಟ್ಟು ಬಂದರೆ, ಆ ಸಿಟ್ಟಿನಿಂದಲೇ ಪಾಠ ಶುರುವಾಗಬಹುದು. ಆಮೇಲೆ ಅವಳು ಪುಟಕ್ಕೆ ಮರಳಿ ಅದಕ್ಕೆ ಆಧಾರ ಹುಡುಕಬೇಕು.

ಮುಂದೆ 2000ದಲ್ಲಿ ಡೆಬೊರಾ ಆ್ಯಪಲ್‌ಮನ್, ಹೈಸ್ಕೂಲ್ ಮಕ್ಕಳಿಗೂ ಸಾಹಿತ್ಯ ಸಿದ್ಧಾಂತ ಕಲಿಸಬಹುದು ಅಂತ ಒಂದು ಪುಸ್ತಕವನ್ನೇ ಬರೆದರು. ಸ್ತ್ರೀವಾದ, ಮಾರ್ಕ್ಸ್‌ವಾದ ಇವೆಲ್ಲ ಕನ್ನಡಕಗಳಿದ್ದಂತೆ. ಒಂದೇ ಕಥೆಯನ್ನು ಒಂದೊಂದನ್ನೇ ಹಾಕಿಕೊಂಡು ಓದಿದರೆ ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುತ್ತೆ. ಆದರೆ ಕನ್ನಡಕವೂ ಗೈಡ್ ಆಗಿಬಿಡಬಹುದು, ಎಚ್ಚರ. ‘ಸ್ತ್ರೀವಾದಿ ಉತ್ತರ, ಐದು ಅಂಕ’ ಅಂತ ಬಾಯಿಪಾಠ ಮಾಡಿಸಿದರೆ ಮತ್ತೆ ಅದೇ ಹಳೇ ರಾಗ.

ಈ ಗಾಳಿ ನಮ್ಮ ಕಡೆಗೂ ಬೀಸಿತ್ತು. ಲೀವಿಸ್ ಬಳಿ ಓದಿ ಬಂದ ಸಿ.ಡಿ. ನರಸಿಂಹಯ್ಯ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದರು. ಯು.ಆರ್. ಅನಂತಮೂರ್ತಿ ಓದಿದ್ದೂ ಅಲ್ಲೇ. ಆದರೆ ಇಲ್ಲಿ ಅದು ಹೆಚ್ಚಾಗಿ ಕಾಲೇಜಿನ, ಅದರಲ್ಲೂ ಸಾಹಿತ್ಯ ಓದುವವರ ಸ್ವತ್ತಾಗಿ ಉಳಿಯಿತು. ಹತ್ತನೇ ಕ್ಲಾಸು ಮುಗಿಸಿ ಸೈನ್ಸ್, ಆಮೇಲೆ ಎಂಜಿನಿಯರಿಂಗ್ ಅಂತ ಹೋದ ನಮ್ಮಂಥವರ ಕೈಗೆ ಅದು ಸಿಗಲಿಲ್ಲ.

ನಷ್ಟ ಸಾಹಿತ್ಯಕ್ಕೆ ಅಂತ ಅಂದುಕೊಳ್ಳಬೇಡಿ. ಇವತ್ತು ನಾವು ದಿನವಿಡೀ ಓದುತ್ತಲೇ ಇರುತ್ತೇವೆ: ವಾಟ್ಸಾಪ್ ಫಾರ್ವರ್ಡ್, ಸಾಲದ ಆಫರ್, ಆಫೀಸಿನಿಂದ ಬರುವ ‘ನಾವೆಲ್ಲ ಒಂದೇ ಫ್ಯಾಮಿಲಿ’ ಅನ್ನೋ ಮೇಲ್. ಇದನ್ನು ಬರೆದವರು ಯಾರು, ಯಾಕೆ ಬರೆದರು, ಏನನ್ನು ಹೇಳದೆ ಬಿಟ್ಟರು ಅಂತ ಕೇಳೋದನ್ನು ಶಾಲೆಯ ಮಕ್ಕಳಿಗೂ ಕಲಿಸಬಹುದು ಅಂತ 1933ರಲ್ಲೇ ಇಬ್ಬರಿಗೆ ಗೊತ್ತಿತ್ತು. ಅದಕ್ಕೆ ಬೇಕಾಗಿರೋದು ಇಷ್ಟೇ: ಅರ್ಥ ಹೇಳಿಕೊಡುವ ಮೊದಲು, ‘ನಿಂಗೇನನ್ನಿಸ್ತು, ಯಾಕೆ?’ ಅಂತ ಕೇಳಿ, ಉತ್ತರಕ್ಕೆ ಕಾಯುವ ಒಬ್ಬ ಮೇಷ್ಟ್ರು.