ಬಿದಿರ ಮೆಳೆಯ ಮುಳ್ಳು ಹೇಳಿದ ಪಾಠ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಬಯಲು ನಾಡು. ಕೃಷ್ಣೆಯ ದಡದಲ್ಲಿ ಕಬ್ಬು, ನಿಪ್ಪಾಣಿ ಸೀಮೆಯಲ್ಲಿ ತಂಬಾಕು ಬೆಳೆಯುವ ಇಲ್ಲಿ ದಟ್ಟ ಕಾಡು ಕಾಣಸಿಗದು. ಆದರೂ ರಾಶಿ ತುಂಬುವ ಬುಟ್ಟಿ, ಕಾಳು ಕೇರುವ ಮೊರ, ಗೋಡೆಗೆ ಕಟ್ಟುವ ತಟ್ಟಿ ಇವುಗಳಿಗೆಲ್ಲ ಬಿದಿರೇ ಬೇಕು. ಬಿದಿರ ಮೆಳೆಗಳಿರುವುದು ಪಶ್ಚಿಮಕ್ಕೆ, ಘಟ್ಟದ ಕಾಡುಗಳಲ್ಲಿ. ಅಲ್ಲಿ ಬಿದಿರು ತೀರಿದರೆ ಇಲ್ಲಿಯ ಮೇದಾರರ ಕೈಗೆ ಕೆಲಸವಿಲ್ಲ.

ಹಾಗೆ ತೀರಿಹೋಗುವ ಕಾಲ ಒಮ್ಮೆ ಬಂದಿತ್ತು. 1950ರ ದಶಕದ ಕೊನೆಯಲ್ಲಿ ಉತ್ತರ ಕನ್ನಡದ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಆರಂಭವಾಯಿತು. ಆಗಿನ ಮೈಸೂರು ಸರ್ಕಾರ ಅದಕ್ಕೆ ಟನ್ನಿಗೆ 1.50 ರೂಪಾಯಿಯಂತೆ ಬಿದಿರು ಕೊಡಲು ಒಪ್ಪಿತು. ಬುಟ್ಟಿ ಹೆಣೆಯುವವರು ಮಾತ್ರ ಪೇಟೆಯ ಬೆಲೆಯನ್ನೇ ತೆರಬೇಕಿತ್ತು. ಸುಮಾರು ಒಂದೂವರೆ ದಶಕದೊಳಗೆ ಮೆಳೆಗಳು ಬರಿದಾಗತೊಡಗಿದವು. ಕಾರ್ಖಾನೆಗಳು ಬಿದಿರನ್ನು ನುಂಗುತ್ತಿವೆ ಎಂದು ಬುಟ್ಟಿ ಹೆಣೆಯುವವರು ಸರ್ಕಾರಕ್ಕೆ ದೂರಿತ್ತರು.

ದೂರು ನಿಜವೇ? ಇದನ್ನು ಪರೀಕ್ಷಿಸುವ ಕೆಲಸವನ್ನು ರಾಜ್ಯ ಸರ್ಕಾರ 1975ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಿಗೆ ವಹಿಸಿತು. ಅವರು ಮತ್ತು ಸಂಗಡಿಗರು ಕಾಡು ಸುತ್ತಿ ಮೆಳೆಗಳನ್ನು ಎಣಿಸಿದರು, ಅಳೆದರು. ಕಾಡಿನಲ್ಲಿ ಇಷ್ಟು ಬಿದಿರಿದೆ ಎಂದು ಕಾಗದದ ಮೇಲಿದ್ದ ಅಂದಾಜು ವಾಸ್ತವಕ್ಕಿಂತ ಬಹಳ ಹೆಚ್ಚಿನದೆಂದು ತಿಳಿಯಿತು.

ಇನ್ನೊಂದು ಸಂಗತಿಯೂ ಹೊರಬಿತ್ತು. ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ದಟ್ಟವಾಗಿರುತ್ತದೆ. ಅದನ್ನು ಸವರಿ ಹಾಕಿದರೆ ಬಿದಿರು ಸಲೀಸಾಗಿ ಬೆಳೆಯುತ್ತದೆ ಎಂಬುದು ಅರಣ್ಯ ಇಲಾಖೆಯ ನಂಬಿಕೆ. ಹಳ್ಳಿಗರು ಇದನ್ನು ಒಪ್ಪಲಿಲ್ಲ. ಮುಳ್ಳು ಹೋದರೆ ಎಳೆಯ ಕಳಲೆಯನ್ನು ದನಗಳು, ಕಾಡುಪ್ರಾಣಿಗಳು ತಿಂದು ಮುಗಿಸುತ್ತವೆ ಎಂಬುದು ಅವರ ವಾದ. ವಿಜ್ಞಾನಿಗಳು ಅಳೆದು ನೋಡಿದಾಗ ಗೆದ್ದದ್ದು ಹಳ್ಳಿಗರ ಮಾತೇ. ಕಳಲೆ ಉಳಿಯದಿದ್ದರೆ ಮೆಳೆಯಲ್ಲಿ ಹೊಸ ಗಳ ಏಳುವುದಿಲ್ಲ. ಹಳೆಯ ಗಳ ಕಡಿದಷ್ಟೂ ಮೆಳೆ ಸೊರಗುತ್ತದೆ.

ಕಾಡನ್ನು ಬಳಸುತ್ತಲೇ ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಈ ಅಧ್ಯಯನ ಸರಳ ದಾರಿ ತೋರಿತು: ಮೊದಲು ಎಣಿಸಬೇಕು, ಬೆಳೆದಷ್ಟರೊಳಗೆ ಕಡಿಯಬೇಕು, ಕಾಡನ್ನು ಬಲ್ಲವರ ಮಾತು ಕೇಳಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಗುರುತಿಸಿ ಕಾಡಿನ ನಿವಾಸಿಗಳಿಗೆ ಅದರ ಮೇಲೆ ಹಕ್ಕು ಕೊಟ್ಟಿತು.

ಹತ್ತಿರದ ಬಿದಿರು ತೀರಿದಾಗ ಕಾರ್ಖಾನೆ ದೂರದ ಕಾಡುಗಳತ್ತ ಕೈ ಚಾಚಬಲ್ಲದು. ಸಂತೆಗೆ ಬುಟ್ಟಿ ಹೊತ್ತು ತರುವ ಮೇದಾರನಿಗೆ ಆ ಅನುಕೂಲವಿಲ್ಲ. ಅವನ ಪಾಲಿಗೆ ಕಾಡಿನ ಲೆಕ್ಕ ತಪ್ಪುವುದೆಂದರೆ ಅಂದಿನ ಊಟ ತಪ್ಪುವುದೆಂದೇ ಅರ್ಥ.