ತಿರುಗುವ ಎಂಜಿನ್ನಿನ ಬಿಸಿ: ಇಲ್ಮ್ ಮತ್ತು ಹುನರ್ ಕೂಡಿದ ಒಂದು ಇತಿಹಾಸ

ಎಂಜಿನ್ನಿನ ಇತಿಹಾಸವೆಂದರೆ ಶಕ್ತಿಯನ್ನು ಹುಟ್ಟಿಸಿದವರ ಇತಿಹಾಸ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಅದರ ಅರ್ಧ ಭಾಗ ಬಿಸಿಯನ್ನು ಹೊರಹಾಕಿದವರ ಇತಿಹಾಸವೂ ಹೌದು. ಪೆಟ್ರೋಲ್ ಎಂಜಿನ್ನಿನಲ್ಲಿ ಉರಿದ ಇಂಧನದ ಶಾಖದಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದದ್ದರಲ್ಲಿ ಬಹುಪಾಲು ಹೊಗೆಯೊಂದಿಗೆ ಹೋಗುತ್ತದೆ. ಮಿಕ್ಕಿದ್ದನ್ನು ಗಾಳಿ, ನೀರು ಅಥವಾ ಆಯಿಲ್ ಹೊತ್ತೊಯ್ಯಬೇಕು. ಹಾಗೆ ಒಯ್ಯದಿದ್ದರೆ ಎಂಜಿನ್ ಸೀಜ್ ಆಗುತ್ತದೆ. ರಸ್ತೆಯಲ್ಲಿ ಸೀಜ್ ಆದರೆ ಗಾಡಿಯನ್ನು ಪಕ್ಕಕ್ಕೆ ತಳ್ಳಬಹುದು. ಆಕಾಶದಲ್ಲಿ ಪಕ್ಕ ಎಂಬುದೇ ಇಲ್ಲ!

ಉಜ್ಜಾಟದ ಬಿಸಿ ನಮ್ಮ ಊರುಗಳಿಗೆ ಹೊಸದಲ್ಲ. ಚನ್ನಪಟ್ಟಣದ ಬೊಂಬೆ ಕೆಲಸದಲ್ಲಿ ಲೇತಿನ ಮೇಲೆ ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಒಲೆಯಿಲ್ಲದೆ, ಉಜ್ಜಿದ ಬಿಸಿಯಿಂದಲೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬೊಂಬೆ ಮಾಡುವವರಿಗೆ ಈ ಬಿಸಿ ಸ್ನೇಹಿತ. ಎಂಜಿನ್ ಮಾಡುವವರಿಗೆ ಶತ್ರು. ಈ ಶತ್ರುವನ್ನು ಜಯಿಸಲು ವಿಮಾನ ಎಂಜಿನ್ನಿನವರು ನಡೆಸಿದ ನೂರು ವರ್ಷಗಳ ಪ್ರಯತ್ನದ ಒಂದು ಮುಖ್ಯ ಅಧ್ಯಾಯ ನಮ್ಮ ಬೆಂಗಳೂರು ಮತ್ತು ಕೋಲಾರಗಳಲ್ಲಿ ನಡೆದಿದೆ.

ಸಿಲಿಂಡರುಗಳೇ ತಿರುಗಿದ ಕಾಲ

1908ರ ಸುಮಾರಿಗೆ ಫ್ರಾನ್ಸಿನ ಸೆಗ್ಯಾಂ ಸಹೋದರರು 'ನೋಮ್' ಎಂಬ ರೋಟರಿ ಎಂಜಿನ್ ತಯಾರಿಸಿದರು. ಅಂದಿನ ವಿಮಾನಗಳ ವೇಗ ಕಡಿಮೆ. ಎದುರಿನಿಂದ ಬರುವ ಗಾಳಿ ಎಂಜಿನ್ನನ್ನು ತಣಿಸಲು ಸಾಲದು. ನೀರು ಮತ್ತು ರೇಡಿಯೇಟರ್ ಇಟ್ಟರೆ ಭಾರ. ಸೆಗ್ಯಾಂ ಸಹೋದರರು ಲೆಕ್ಕವನ್ನೇ ತಿರುಗಿಸಿದರು. ಕ್ರ್ಯಾಂಕ್‌ಶಾಫ್ಟನ್ನು ವಿಮಾನಕ್ಕೆ ಬಿಗಿದು, ಏಳು ಸಿಲಿಂಡರುಗಳೂ ಪ್ರೊಪೆಲ್ಲರಿನ ಜೊತೆ ಸುತ್ತುವಂತೆ ಮಾಡಿದರು. ವಿಮಾನ ನಿಂತಲ್ಲೇ ನಿಂತಿದ್ದರೂ ಸಿಲಿಂಡರುಗಳಿಗೆ ಗಾಳಿ ತಪ್ಪುತ್ತಿರಲಿಲ್ಲ. ಸ್ಕೂಟರ್ ಎಂಜಿನ್ನಿನ ಮೇಲೆ ನಾವು ಇಂದು ಕಾಣುವಂಥ ತೆಳ್ಳನೆಯ ರೆಕ್ಕೆಗಳನ್ನು ಸಿಲಿಂಡರುಗಳ ಉಕ್ಕಿನಲ್ಲೇ ಕಡೆದು ತೆಗೆದಿದ್ದರು.

ಈ ಎಂಜಿನ್ನಿಗೆ ಹಾಕುತ್ತಿದ್ದ ಎಣ್ಣೆ ಯಾವುದು ಗೊತ್ತೇ? ಹರಳೆಣ್ಣೆ! ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ, ಬಿಸಿಯಲ್ಲೂ ಜಾರುವ ಗುಣ ಬಿಡದ ಎಣ್ಣೆ ಅದು. ಒಳಗೆ ಹೋದ ಎಣ್ಣೆ ಮತ್ತೆ ಬಳಕೆಯಾಗದೆ ಹೊರಕ್ಕೆ ಚಿಮ್ಮಿ ಪೈಲಟ್‌ನ ಮುಖಕ್ಕೆ ಬಡಿಯುತ್ತಿತ್ತು. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಹರಳು ಮೊದಲ ಮಹಾಯುದ್ಧದಲ್ಲಿ ಯುದ್ಧ ಸಾಮಗ್ರಿಯಾಗಿತ್ತು. ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ನಮ್ಮದೇ.

ಆದರೆ ಅಷ್ಟು ಭಾರದ ಕಬ್ಬಿಣ ಸುತ್ತುವಾಗ ವಿಮಾನವನ್ನು ಒಂದು ಕಡೆಗೆ ತಿರುಗಿಸುವುದೇ ಕಷ್ಟವಾಗುತ್ತಿತ್ತು. ಎಣ್ಣೆಯ ಖರ್ಚೂ ಹೆಚ್ಚು. ಯುದ್ಧ ಮುಗಿದ ಮೇಲೆ ಈ ರೋಟರಿ ಎಂಜಿನ್ ಮೂಲೆ ಸೇರಿತು.

ಬೆಂಗಳೂರಿಗೆ ಬಂದ ವಿಮಾನ ವಿದ್ಯೆ

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್ ಸಾಹೇಬರು. ಸಂಸ್ಥಾನವು 25 ಲಕ್ಷ ರೂಪಾಯಿ ಬಂಡವಾಳ ಹಾಕಿ ಭೂಮಿಯನ್ನೂ ಕೊಟ್ಟಿತು. ಅದೇ ಮುಂದೆ ಎಚ್.ಎ.ಎಲ್. ಆಯಿತು. ಡಾ. ವಿ. ಎಂ. ಘಾಟ್ಗೆಯವರು ವಿನ್ಯಾಸಗೊಳಿಸಿದ ಎಚ್.ಟಿ.-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ವಿಮಾನ ನಮ್ಮದು, ಎಂಜಿನ್ ಮಾತ್ರ ಇಂಗ್ಲೆಂಡಿನದು. ಈ ಕೊರತೆ ಮುಂದೆ ಬಹಳ ವರ್ಷ ನಮ್ಮನ್ನು ಕಾಡಿತು.

ಇದೇ ಎಚ್.ಎ.ಎಲ್.ಗೆ ಮದರಾಸಿನ ಎಂ.ಐ.ಟಿ.ಯಿಂದ ತರಬೇತಿಗೆ ಬಂದ ಒಬ್ಬ ಯುವಕ ಪಿಸ್ಟನ್ ಮತ್ತು ಟರ್ಬೈನ್ ಎಂಜಿನ್‌ಗಳನ್ನು ಬಿಚ್ಚಿ, ಕ್ರ್ಯಾಂಕ್‌ಶಾಫ್ಟ್ ಸವೆದಿದೆಯೇ ಎಂದು ಪರೀಕ್ಷಿಸಿ, ಮತ್ತೆ ಜೋಡಿಸುವ ಕೆಲಸ ಕಲಿತರು. ಅವರ ಕಾಲೇಜು ಪ್ರವೇಶದ ಹಣಕ್ಕಾಗಿ ಅಕ್ಕ ಜೊಹ್ರಾ ತಮ್ಮ ಚಿನ್ನದ ಬಳೆಗಳನ್ನು ಅಡವಿಟ್ಟಿದ್ದರು. ಆ ಯುವಕನೇ ಮುಂದೆ ರಾಷ್ಟ್ರಪತಿಯಾದ ಡಾ. ಎ. ಪಿ. ಜೆ. ಅಬ್ದುಲ್ ಕಲಾಂ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯಲ್ಲಿ, ಅಂದರೆ ಎ.ಡಿ.ಇ.ಯಲ್ಲಿ, ಅವರು 'ನಂದಿ' ಎಂಬ ಹೋವರ್‌ಕ್ರಾಫ್ಟ್ ನಿರ್ಮಿಸಿದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅದರಲ್ಲಿ ಕುಳಿತು ಸವಾರಿ ಮಾಡಿದ್ದರು. ಎ.ಡಿ.ಇ. ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದು ಮತ್ತೆ ಬರುತ್ತದೆ.

ಇನ್ನೊಂದು ರೋಟರಿ

1957ರಲ್ಲಿ ಜರ್ಮನಿಯ ಎನ್.ಎಸ್.ಯು. ಕಂಪನಿಯಲ್ಲಿ ಬೇರೊಂದು ರೋಟರಿ ಎಂಜಿನ್ ಓಡಿತು. ಅದನ್ನು ಕಲ್ಪಿಸಿದವರು ಫೆಲಿಕ್ಸ್ ವ್ಯಾಂಕೆಲ್. ಅವರು ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಲ್ಲ, ಸ್ವಂತವಾಗಿ ಕಲಿತವರು. ಈ ವ್ಯಾಂಕೆಲ್ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ. ಉಬ್ಬಿದ ಬದಿಗಳ ಮುಕ್ಕೋನದ ರೋಟರ್ ಒಂದು ಗೂಡಿನೊಳಗೆ ಸುತ್ತುತ್ತದೆ. ಭಾಗಗಳು ಕಡಿಮೆ, ನಡುಕ ಕಡಿಮೆ, ತೂಕ ಕಡಿಮೆ. ಹಾಗಾಗಿ ಸಣ್ಣ ವಿಮಾನಗಳಿಗೆ ಹೇಳಿ ಮಾಡಿಸಿದಂತಿದೆ.

ಆದರೆ ಬಿಸಿಯ ವಿಷಯದಲ್ಲಿ ಇದಕ್ಕೊಂದು ಹುಟ್ಟುಗುಣವಿದೆ. ಸಾಮಾನ್ಯ ಸಿಲಿಂಡರಿನಲ್ಲಿ ಉರಿ ಎದ್ದ ಜಾಗಕ್ಕೇ ಆಮೇಲೆ ತಣ್ಣನೆಯ ಗಾಳಿ-ಪೆಟ್ರೋಲ್ ಬಂದು ಅದನ್ನು ತುಸು ತಣಿಸುತ್ತದೆ. ವ್ಯಾಂಕೆಲ್‌ನಲ್ಲಿ ಹಾಗಿಲ್ಲ. ಗೂಡಿನ ಒಂದು ಬದಿಯಲ್ಲಿ ಸದಾ ಉರಿ, ಇನ್ನೊಂದು ಬದಿಯಲ್ಲಿ ಸದಾ ತಂಪು. ಬಿಸಿಯಾದ ಬದಿ ಹಿಗ್ಗುತ್ತದೆ, ತಂಪಾದ ಬದಿ ಹಿಗ್ಗುವುದಿಲ್ಲ, ಗೂಡು ಸೊಟ್ಟಗಾಗುತ್ತದೆ. ಆಗ ರೋಟರಿನ ಮೂರು ಮೂಲೆಗಳ ಸೀಲ್‌ಗಳು ಸವೆದು ಸೋರುತ್ತವೆ. ಜಪಾನಿನ ಮಾಜ್ದಾ ಕಂಪನಿ ಈ ಸೀಲ್‌ಗಳೊಡನೆ ವರ್ಷಗಟ್ಟಲೆ ಸೆಣಸಿ 1967ರಲ್ಲಿ ಕಾಸ್ಮೋ ಕಾರನ್ನು ಮಾರುಕಟ್ಟೆಗೆ ತಂದಿತು.

ಅಮೆರಿಕದಂಥ ದೇಶಗಳಲ್ಲಿ ತಮ್ಮ ಶೆಡ್ಡಿನಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳಿದ್ದಾರೆ. ಅವರಲ್ಲಿ ಕೆಲವರು ಮಾಜ್ದಾ ಕಾರಿನ ಎಂಜಿನ್ನನ್ನೇ ಅಳವಡಿಸಿ ಹಾರಿದ್ದಾರೆ. ಅವರ ಶ್ರಮವೆಲ್ಲ ಹೋಗುವುದು ತಣಿಸುವುದಕ್ಕೇ. ಕಾರಿಗೆ ಪೂರ್ತಿ ಶಕ್ತಿ ಬೇಕಾಗುವುದು ಕೆಲವು ಸೆಕೆಂಡು. ಮೇಲೇರುವ ವಿಮಾನಕ್ಕೆ ನಿಮಿಷಗಟ್ಟಲೆ ಬೇಕು. ಅದೂ ವೇಗ ಕಡಿಮೆಯಿದ್ದು ಗಾಳಿ ಸಾಲದಿರುವಾಗ. ಈ ಎಂಜಿನ್ನಿನಲ್ಲಿ ರೋಟರನ್ನು ಒಳಗಿನಿಂದ ತಣಿಸುವುದು ಆಯಿಲ್. ಹೊರಹಾಕಬೇಕಾದ ಬಿಸಿಯಲ್ಲಿ ಸುಮಾರು ಮೂರನೇ ಒಂದು ಭಾಗ ಅದರಲ್ಲೇ ಹೋಗುತ್ತದೆ. ಆದ್ದರಿಂದ ನೀರಿನ ರೇಡಿಯೇಟರ್ ಒಂದಿದ್ದರೆ ಸಾಲದು, ದೊಡ್ಡ ಆಯಿಲ್ ಕೂಲರ್ ಕೂಡ ಬೇಕು. ಗಾಳಿ ಒಳಬರುವ ಬಾಯಿ ಚಿಕ್ಕದಾಗಿದ್ದು, ಕೊಳವೆ ಕ್ರಮೇಣ ಅಗಲವಾಗುತ್ತ ಹೋಗಬೇಕು. ಆಗ ಗಾಳಿಯ ವೇಗ ತಗ್ಗಿ ಒತ್ತಡ ಹೆಚ್ಚುತ್ತದೆ, ರೇಡಿಯೇಟರಿನ ಸಂದುಗಳಲ್ಲಿ ಅದು ಚೆನ್ನಾಗಿ ನುಗ್ಗುತ್ತದೆ. ಬಾಯಿಯನ್ನು ಸುಮ್ಮನೆ ದೊಡ್ಡದು ಮಾಡಿದರೆ ವಿಮಾನಕ್ಕೆ ಗಾಳಿಯ ತಡೆಯಷ್ಟೇ ಹೆಚ್ಚುತ್ತದೆ.

ಕೋಲಾರದ ಆಕಾಶದಲ್ಲಿ

ಎ.ಡಿ.ಇ. ಸಂಸ್ಥೆಯು ಸೇನೆಗಾಗಿ 'ನಿಶಾಂತ್' ಎಂಬ ಪೈಲಟ್ ಇಲ್ಲದ ವಿಮಾನವನ್ನು ರೂಪಿಸಿತ್ತು. ಅದರ ವ್ಯಾಂಕೆಲ್ ಎಂಜಿನ್ ವಿದೇಶದಿಂದ ಬರುತ್ತಿತ್ತು. ಅದನ್ನು ನಮ್ಮಲ್ಲೇ ಮಾಡಲು ಮೂರು ಸಂಸ್ಥೆಗಳು ಕೈಜೋಡಿಸಿದವು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್.ಎ.ಎಲ್., ಎಂಜಿನ್ನಿನ ತಿರುಳನ್ನು ಮಾಡಿತು. ಅಹಮದ್‌ನಗರದ ವಿ.ಆರ್.ಡಿ.ಇ. ಇಗ್ನಿಷನ್ ಮತ್ತು ಇಂಧನ ವ್ಯವಸ್ಥೆಯನ್ನು ನೋಡಿಕೊಂಡಿತು. ಹಾರಾಟದ ಪರೀಕ್ಷೆ ಎ.ಡಿ.ಇ.ಯದು.

ಎನ್.ಎ.ಎಲ್. ಗೆದ್ದದ್ದು ಎಲ್ಲಿ? ವಿಶೇಷ ಅಲ್ಯೂಮಿನಿಯಂ ಮಿಶ್ರಲೋಹದ ಎರಕದಲ್ಲಿ ಮತ್ತು ಗೂಡಿನ ಒಳಮೈಗೆ ಕೊಟ್ಟ ನಿಕಲ್-ಸಿಲಿಕಾನ್ ಕಾರ್ಬೈಡ್ ಲೇಪನದಲ್ಲಿ. ಅಲ್ಯೂಮಿನಿಯಂ ಹಗುರ, ಬಿಸಿಯನ್ನು ಬೇಗ ಸಾಗಿಸುತ್ತದೆ, ಆದರೆ ಮೆದು. ಕಠಿಣವಾದ ಲೇಪನ ಸೀಲ್‌ಗಳ ಉಜ್ಜಾಟವನ್ನು ತಡೆದುಕೊಳ್ಳುತ್ತದೆ. ಬಿಸಿ ಮತ್ತು ಸವೆತ ಎರಡಕ್ಕೂ ಒಂದೇ ಗೂಡಿನಲ್ಲಿ ಉತ್ತರ ಸಿಕ್ಕಿತು.

2009ರ ಒಂದು ಭಾನುವಾರ, ಸುಮಾರು 30 ಕಿಲೋ ತೂಕದ, 55 ಅಶ್ವಶಕ್ತಿಯ ಈ ಸ್ವದೇಶಿ ಎಂಜಿನ್ ಹೊತ್ತ ನಿಶಾಂತ್ ಕೋಲಾರದ ವಿಮಾನ ಮೈದಾನದಿಂದ ಮೇಲೇರಿತು. 1.8 ಕಿಲೋಮೀಟರ್ ಎತ್ತರಕ್ಕೆ ಏರಿ, ಒಟ್ಟು ಸುಮಾರು 40 ನಿಮಿಷ ಹಾರಿ, ಒಣಗಿದ ಕೆರೆಯೊಂದರಲ್ಲಿ ಸುರಕ್ಷಿತವಾಗಿ ಇಳಿಯಿತು. ಎಚ್.ಟಿ.-2ರ ಕಾಲದ ಕೊರತೆ ಸಣ್ಣ ಪ್ರಮಾಣದಲ್ಲಾದರೂ ಅಂದು ನೀಗಿತು.

ಮುಂದಿನ ಕಥೆ ಸಿಹಿಯಲ್ಲ, ಆದರೂ ಹೇಳಲೇಬೇಕು. ಸೇನೆಗೆ ಸೇರಿದ ನಾಲ್ಕು ನಿಶಾಂತ್‌ಗಳೂ 2015ರ ಹೊತ್ತಿಗೆ ಅಪಘಾತಕ್ಕೀಡಾದವು. ಸೇನೆ ಹೆಚ್ಚಿನ ಖರೀದಿಯನ್ನು ಕೈಬಿಟ್ಟಿತು. ಆದರೆ ವಿಮಾನ ಹೋದರೂ ವಿದ್ಯೆ ಹೋಗುವುದಿಲ್ಲ. ಎರಕ ಹುಯ್ಯುವುದು, ಲೇಪನ ಕೊಡುವುದು, ಬಿಸಿ ಅಳೆಯುವುದು ಕಲಿತ ಕೈಗಳ ಪಾಲಿಗೆ ಅದು ಮುಂದಿನ ಎಂಜಿನ್ನಿನ ಬಂಡವಾಳ.

ವಿದ್ಯಾರ್ಥಿ ಮಿತ್ರರೇ, ಈ ಇತಿಹಾಸದಲ್ಲಿ ನಮಗೊಂದು ಮಾತಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಮ್ಮ ಮನೆಗಳಲ್ಲಿ ಹುನರ್‌ಗೆ ಬರವಿಲ್ಲ. ಗ್ಯಾರೇಜು, ಲೇತು, ರೇಷ್ಮೆ ನೂಲು ತೆಗೆಯುವ ಫಿಲೇಚರುಗಳಲ್ಲಿ ತಲೆಮಾರುಗಳಿಂದ ದುಡಿದವರು ನಾವು. ಎಂಜಿನ್ ಎಲ್ಲಿ ಬಿಸಿಯಾಗುತ್ತಿದೆ ಎಂದು ಕೈಯಿಟ್ಟು ಹೇಳುವ ಉಸ್ತಾದರು ನಮ್ಮಲ್ಲಿದ್ದಾರೆ. ಯಾಕೆ ಬಿಸಿಯಾಗುತ್ತಿದೆ ಎಂದು ಲೆಕ್ಕ ಹಾಕಿ ಹೇಳುವವರು ಕಡಿಮೆ. ಹತ್ತನೇ ತರಗತಿಗೆ ಓದು ಬಿಟ್ಟು ಗ್ಯಾರೇಜಿಗೆ ಸೇರುವ ಹುಡುಗನ ಕೈಯಲ್ಲಿ ಅರ್ಧ ವಿದ್ಯೆಯಿದೆ, ಐ.ಟಿ.ಐ., ಡಿಪ್ಲೊಮಾ, ಎಂಜಿನಿಯರಿಂಗ್ ಓದಿನಲ್ಲಿ ಉಳಿದರ್ಧವಿದೆ. ಪದಾರ್ಥ ವಿಜ್ಞಾನ ಓದುವ ಹೆಣ್ಣುಮಗಳು ಮುಂದಿನ ಎಂಜಿನ್ನಿನ ಲೇಪನವನ್ನು ರೂಪಿಸಬಲ್ಲಳು. ಮಕ್ಕಳ ಶುಲ್ಕದ ಹೊತ್ತಿಗೆ ಪಾಲಕರು ಜೊಹ್ರಾ ಅವರ ಬಳೆಗಳನ್ನೊಮ್ಮೆ ನೆನೆದರೆ ಸಾಕು. ಇಲ್ಮ್ ಮತ್ತು ಹುನರ್ ಒಂದೇ ಮನೆಯಲ್ಲಿ ಕೂಡಲಿ. ಅದಕ್ಕಾಗಿ ದುವಾ ಮಾಡೋಣ, ಮೆಹನತ್ತೂ ಮಾಡೋಣ.