₹150ಕ್ಕೆ ಗುಜರಿಗೆ ಹೊರಟಿದ್ದ ತೋಫು: ವಿಜಯಪುರದ ಮಲಿಕ್-ಎ-ಮೈದಾನ್

ಉಗಾರ ಖುರ್ದ: ಕಾಗವಾಡ, ಅಥಣಿ ಕಡೆಯಿಂದ ವಿಜಯಪುರಕ್ಕೆ ಹೋದವರು ಗೋಳಗುಮ್ಮಟ ನೋಡಿ ವಾಪಸ್ ಬಸ್ ಹತ್ತುವುದೇ ಹೆಚ್ಚು. ಊರಿನ ಪಶ್ಚಿಮಕ್ಕೆ, ಕೋಟೆಗೋಡೆಯ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಫನ್ನು ನೋಡದೆ ಬಂದರೆ ನಷ್ಟ.

ಇದನ್ನು ಎರಕ ಹೊಯ್ದಿದ್ದು 1549ರಲ್ಲಿ, ಅಹ್ಮದನಗರದಲ್ಲಿ. ಹೊಯ್ದವರು ಮುಹಮ್ಮದ್ ಬಿನ್ ಹಸನ್ ರೂಮಿ. ಉದ್ದ 14 ಅಡಿಗೂ ಮೇಲೆ, ತೂಕ ಸುಮಾರು 55 ಟನ್. ಮೂತಿಯಲ್ಲಿ ಬಾಯ್ತೆರೆದ ಸಿಂಹ ಆನೆಯನ್ನು ನುಂಗುತ್ತಿದೆ. ಲೋಹ ಕಬ್ಬಿಣವಲ್ಲ. ಐದರಲ್ಲಿ ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ, ಅಂದರೆ ಗಂಟೆ ಮಾಡುವ ಕಂಚು. ತುಕ್ಕು ಹಿಡಿಯದಿರುವುದು ಅದಕ್ಕೇ.

ಹಾರಿಸುವುದು ನಿಧಾನದ ಕೆಲಸ. ಬಾಯಿಯಿಂದ ಮದ್ದು ತುಂಬಬೇಕು, ಕೋಲಿನಿಂದ ಗಿಡಿಯಬೇಕು, ಗುಂಡು ಇಳಿಸಬೇಕು, ಹಿಂದಿನ ಸಣ್ಣ ತೂತಿಗೆ ಬೆಂಕಿ ಮುಟ್ಟಿಸಬೇಕು. ಮುಂದಿನ ಸಲ ತುಂಬುವ ಮೊದಲು ಒಳಗೆ ಒರೆಸದಿದ್ದರೆ, ಉಳಿದ ಒಂದು ಕಿಡಿಗೆ ಮದ್ದು ತುಂಬುವವನೇ ಬಲಿ. ಇಷ್ಟು ಭಾರದ್ದನ್ನು ಬಯಲಲ್ಲಿ ಅತ್ತಿತ್ತ ತಿರುಗಿಸುವುದಂತೂ ದೂರದ ಮಾತು. ಬುರುಜಿನ ಮೇಲೆ ಕೂತು ಕೋಟೆ ಕಾಯಲಿಕ್ಕೇ ಇದು ಸರಿ.

ಬಯಲು ಯುದ್ಧದ ಕಥೆ ಬೇರೆ. ಉಗಾರದ ಪಕ್ಕ ಹರಿಯುವ ಇದೇ ಕೃಷ್ಣೆಯ ಕೆಳಹರಿವಿನಲ್ಲಿ, 1565ರ ಜನವರಿ 23ರಂದು ತಾಳಿಕೋಟೆ ಯುದ್ಧ ನಡೆಯಿತು. ರಕ್ಕಸಗಿ-ತಂಗಡಗಿ ಯುದ್ಧ ಅಂತಲೂ ಹೇಳುತ್ತಾರೆ. ಸುಲ್ತಾನರ ಕಡೆಯವರು ತೋಫುಗಳಿಗೆ ತಾಮ್ರದ ನಾಣ್ಯದ ಚೀಲಗಳನ್ನು ತುಂಬಿ ಹತ್ತಿರದಿಂದ ಹಾರಿಸಿದರು ಎಂದು, ಮುಂದೆ ವಿಜಯಪುರದ ಆಸ್ಥಾನದಲ್ಲಿದ್ದ ಫರಿಶ್ತಾ ಬರೆದಿದ್ದಾನೆ. ಗಲ್ಲಾಪೆಟ್ಟಿಗೆಯ ಚಿಲ್ಲರೆ ಗುಂಡಿನಂತೆ ಸಿಡಿದರೆ ಎದುರಿಗಿದ್ದ ಆನೆ-ಕುದುರೆಗಳ ಗತಿ ಏನಾಗಿರಬೇಕು! ಅಂದೇ ರಾಮರಾಯ ಸೆರೆ ಸಿಕ್ಕು ಹತನಾದ. ಮಲಿಕ್-ಎ-ಮೈದಾನ್ ಕೂಡ ಅಲ್ಲಿತ್ತು ಎನ್ನುವುದು ಜನರ ಬಾಯಲ್ಲಿ ಉಳಿದ ಮಾತು.

ಪರಾಂಡಾ ಕೋಟೆಯಿಂದ ಅದು ವಿಜಯಪುರಕ್ಕೆ ಬಂದಿದ್ದು 1632ರಲ್ಲಿ. ಎಳೆಯಲು ನೂರಾರು ಎತ್ತು, ಹತ್ತು ಆನೆ ಬೇಕಾದವಂತೆ.

ಇಷ್ಟೆಲ್ಲ ದಾಟಿ ಬಂದ ತೋಫು 1854ರಲ್ಲಿ ಬ್ರಿಟಿಷರ ಹರಾಜಿಗೆ ಬಿತ್ತು. ಅತಿ ಹೆಚ್ಚಿನ ಸವಾಲು ₹150. ಟನ್ನಿಗೆ ಮೂರು ರೂಪಾಯಿಯೂ ಬೀಳಲಿಲ್ಲ. ಬೆಲೆ ತೀರ ಕಡಿಮೆ ಆಯಿತೆಂದು ಒಬ್ಬ ಅಧಿಕಾರಿ ಹರಾಜನ್ನೇ ರದ್ದು ಮಾಡಿದ. ಇಲ್ಲದಿದ್ದರೆ ಅದು ಯಾರದೋ ಭಟ್ಟಿಯಲ್ಲಿ ಕರಗಿ ಕೊಡ-ತಂಬಿಗೆ ಆಗಿರುತ್ತಿತ್ತು.

ಹೋದವರು ಉಪ್ಪಲಿ ಬುರುಜನ್ನೂ ಹತ್ತಿ ಬರಬಹುದು. ಅಲ್ಲಿರುವ ಉದ್ದನೆಯ ತೋಫು 30 ಅಡಿ ದಾಟುತ್ತದೆ. ಅದು ಎರಕದ್ದಲ್ಲ, ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಬಳೆ ತೊಡಿಸಿ ಮಾಡಿದ್ದು.